ನಾನು ಸಾಯುತ್ತಿಲ್ಲವೆಂದು ನಮ್ಮ ಬೀಗರಿಗೆ ಹೇಳಿ ಹೋಗಿ

ತಾಲೂಕಿನ ಆರೋಗ್ಯವನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಕೂತಿರುವ ಮಾನ್ಯ ಅಧಿಕಾರಿಗಳೇ,

ನಾನು ಸಾಯುತ್ತಿಲ್ಲ. ಈ ಮಾತನ್ನು ನಾನೇ ಹೇಳಿದರೆ ನಮ್ಮೂರಿನಲ್ಲಿ ಒಬ್ಬರೂ ನಂಬುತ್ತಿಲ್ಲ. ಆದ್ದರಿಂದ ನೀವು ಹೇಳಬೇಕು, ಅದೂ ಬರುವ ಭಾನುವಾರದೊಳಗೆ ಹೇಳಬೇಕು. ಭಾನುವಾರ ನನ್ನ ಮಗಳು ಕೋಮಲಳ ಮದುವೆ. ಅವಳ ಡಿಗ್ರಿ ಪರೀಕ್ಷೆ ಮುಗಿದ ಮೇಲೆ, ಮೇ ಕೊನೆಗೆ ಆಗಬೇಕಿದ್ದ ಮದುವೆ ಅದು. ನಾನು ಮೇ ತಿಂಗಳು ನೋಡುವುದಿಲ್ಲವೆಂದು ಹಿರಿಯರು ಕೂತು ತೀರ್ಮಾನಿಸಿ, ಅದನ್ನು ಈ ಭಾನುವಾರಕ್ಕೆ ಎಳೆದು ತಂದಿದ್ದಾರೆ. ಸೋಮವಾರ ಬೆಳಿಗ್ಗೆ ಚಿಕ್ಕೋಡಿಯ ಕಾಲೇಜಿನಲ್ಲಿ ಅವಳ ಕೊನೆಯ ವರ್ಷದ ಮೊದಲ ಪೇಪರು. ಅದೇ ಸೋಮವಾರ ಬೆಳಿಗ್ಗೆ ಬೀಗರ ಮನೆಯಲ್ಲಿ ಕುಲದೇವಿಯ ಮುಂದೆ ಗೋಂಧಳ ಹಾಡಿಸುತ್ತಾರೆ, ಅದಕ್ಕೆ ಹೊಸ ಸೊಸೆ ಕೂರಲೇಬೇಕು. ಇಷ್ಟೆಲ್ಲ ಅವಾಂತರಕ್ಕೆ ಕಾರಣ ನನ್ನ ದೊಡ್ಡ ಕರುಳು. ಕರುಳು ಇಷ್ಟು ದೊಡ್ಡ ಮನುಷ್ಯನಾಗಲು ಕಾರಣ ತಾವು.

ತಮ್ಮನ್ನು ಅಂದೆನೆಂದು ಸಿಟ್ಟಾಗಬೇಡಿ, ಕಾಗದವನ್ನು ಕೊನೆಯವರೆಗೆ ಓದಿ. ತಮ್ಮ ಕಡೆಯವರು ನನ್ನ ಮಾತನ್ನು ಕೊನೆಯವರೆಗೆ ಕೇಳಿದ್ದರೆ ಈ ಕಾಗದದ ಕೆಲಸವೇ ಬೀಳುತ್ತಿರಲಿಲ್ಲ.

ನನ್ನ ಹೊಟ್ಟೆಯ ಸಂಗತಿ ನಾಲ್ಕು ಜನ ಓದುವ ಕಡೆ ಬರೆಯುವಂಥದಲ್ಲ. ಆದರೂ ಬರೆಯುತ್ತೇನೆ. ಎರಡು ವರ್ಷದಿಂದ ನನಗೆ ಉಂಡ ಕೂಡಲೇ ಹೊಟ್ಟೆ ಕಡಿಯುತ್ತದೆ, ಸಂಡಾಸಕ್ಕೆ ಹೋಗಿ ಬಂದರೆ ತಗ್ಗುತ್ತದೆ. ಒಂದು ವಾರ ಬರೀ ಓಡಾಟ, ಮುಂದಿನ ವಾರ ಏನು ಮಾಡಿದರೂ ಇಲ್ಲ. ಹೊಟ್ಟೆ ಉಬ್ಬುತ್ತದೆ, ಪಕ್ಕದಲ್ಲಿ ಕೂತವರಿಗೂ ಕೇಳುವಂತೆ ಗುಡುಗುತ್ತದೆ. ಕಬ್ಬು ಕಡಿಯುವ ಗ್ಯಾಂಗು ಹೇಳಿದ ದಿನ ಬರದಿದ್ದರೆ ಹೆಚ್ಚಾಗುತ್ತದೆ. ಸೊಸೈಟಿಯ ಮೀಟಿಂಗ್ ಇದ್ದರೆ ಇನ್ನೂ ಹೆಚ್ಚು. ಬಸ್ಸು ಹತ್ತಿದರಂತೂ ಕೇಳಬೇಡಿ. ಅಥಣಿಯಿಂದ ಚಿಕ್ಕೋಡಿಗೆ ಹೋಗುವ ದಾರಿಯಲ್ಲಿ ಯಾವ ಹೊಲದ ಕಬ್ಬು ಎಷ್ಟೆತ್ತರ ನಿಂತಿದೆ ಎಂಬುದು ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್‌ಗಿಂತ ನನಗೆ ಚೆನ್ನಾಗಿ ಗೊತ್ತು. ಕಟಾವು ಮುಗಿದ ಮೇಲೆ ನಾನು ಆ ದಾರಿಯಲ್ಲಿ ಪ್ರಯಾಣವನ್ನೇ ಮಾಡುವುದಿಲ್ಲ.

ಇಷ್ಟನ್ನೂ ಹೇಳಿಕೊಳ್ಳಲು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ವೈದ್ಯರು ತಲೆ ಎತ್ತದೆ "ಏನಾಗೈತಿ?" ಎಂದರು. "ಹೊಟ್ಟಿ ಕಡೀತೈತ್ರಿ" ಎಂದೆ. "ಗ್ಯಾಸ್" ಎಂದರು. ಮುಗಿಯಿತು! ನನ್ನ ಎರಡನೆಯ ವಾಕ್ಯ ಬಾಯಲ್ಲೇ ಉಳಿಯಿತು, ಮುಂದಿನವನು ಆಗಲೇ ಸ್ಟೂಲಿನ ಮೇಲೆ ಕೂತಿದ್ದ. ಮತ್ತೊಮ್ಮೆ ಹೋದಾಗ ಅದು ಗ್ಯಾಸ್ ಅಲ್ಲ, ಜಂತ ಎಂದಾಯಿತು. ಮಗದೊಮ್ಮೆ ಜಂತವೂ ಅಲ್ಲ, ಪಿತ್ತ ಎಂದಾಯಿತು. ಬಿಳಿ ಗುಳಿಗೆ ಹೋಗಿ ಹಳದಿ ಬಂತು, ಹಳದಿ ಹೋಗಿ ಗುಲಾಬಿ ಬಂತು. ಹೊಟ್ಟೆ ನೋವೆಂದು ಅಷ್ಟು ಸಲ ಹೋಗಿ ಬಂದೆನಲ್ಲ, ಅಲ್ಲಿ ನನ್ನ ಹೊಟ್ಟೆಯನ್ನು ಮುಟ್ಟಿದ್ದು ಪಾಳಿಯಲ್ಲಿ ಹಿಂದೆ ನಿಂತವನ ಮೊಳಕೈ ಮಾತ್ರ.

ಆ ವೈದ್ಯರು ಕೆಟ್ಟವರಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬರೇ ಮನುಷ್ಯರು. ಹೊರಗೆ ಅಂಗಳದ ತನಕ ಜನ, ಮೇಜಿನ ಮೇಲೆ ಕಂಪ್ಯೂಟರು, ಅದರಲ್ಲಿ ತುಂಬಬೇಕಾದ ಲೆಕ್ಕ, ನಡುವೆ ತಮ್ಮ ಕಚೇರಿಯಿಂದ ಫೋನು. ಅವರಿಗೆ ರೋಗಿಯನ್ನು ನೋಡಲು ಪುರುಸೊತ್ತು ಸಿಗಬೇಕಾದರೆ ಮೊದಲು ತಾವು ಅವರನ್ನು ಬಿಡಬೇಕು. ಕೇಂದ್ರದ ಗೋಡೆ ಮಾತ್ರ ಬಹಳ ವಿಚಾರವಂತ ಗೋಡೆ. ಡೆಂಗಿ, ಕ್ಷಯ, ಕುಷ್ಠ, ಹಾವು ಕಡಿತ, ನಾಯಿ ಕಡಿತ, ಎಲ್ಲಕ್ಕೂ ಬಣ್ಣಬಣ್ಣದ ಚಿತ್ರಗಳಿವೆ. ನನ್ನಂಥ ಹೊಟ್ಟೆಗೆ ಗೋಡೆಯಲ್ಲೂ ಜಾಗವಿಲ್ಲ. ಸಾಯಿಸದ ರೋಗವೆಂದರೆ ತಮ್ಮ ಇಲಾಖೆಗೆ ಅಷ್ಟು ಸಸಾರವೇ? ಸಾಯಿಸುವುದಿಲ್ಲ ಎಂದಾದರೂ ಅಲ್ಲೊಂದು ಕಡೆ ಬರೆಸಿದ್ದರೆ ಇವತ್ತು ನನ್ನ ಮನೆಯ ಮುಂದೆ ಹಂದರ ಏಳುತ್ತಿರಲಿಲ್ಲ.

ಇನ್ನು ಮಿರಜದ ಮಾತು. ತಾವು ಬೇರೆ ಕಡೆಯಿಂದ ಬಂದವರಾದರೆ ಇದು ತಿಳಿದಿರಲಿ: ನಮ್ಮ ಭಾಗದಲ್ಲಿ ಜಡ್ಡು ಜೋರಾದರೆ ಗಡಿ ದಾಟಿ ಮಿರಜಕ್ಕೆ ಒಯ್ಯುತ್ತಾರೆ. ಹಾಗೆ ಒಯ್ಯುವುದರಲ್ಲಿ ಪಳಗಿದ ಒಬ್ಬ ಮನುಷ್ಯ ಊರಿಗೊಬ್ಬನಂತೆ ಇದ್ದೇ ಇರುತ್ತಾನೆ. ನಮ್ಮಲ್ಲಿ ಅದು ಪಕ್ಕದ ಮನೆಯ ಭರಮು ಕಾಕಾ. ಯಾವ ದವಾಖಾನೆಯಲ್ಲಿ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಎಲ್ಲಿ ಊಟ ಅಗ್ಗ, ಯಾವ ನರ್ಸಿಗೆ ಕನ್ನಡ ಬರುತ್ತದೆ, ಎಲ್ಲ ಬಾಯಿಪಾಠ. ಎಷ್ಟೋ ಮಂದಿಯನ್ನು ಒಯ್ದು ತಂದ ಅನುಭವದಿಂದ ಅವರು ಒಂದು ಸಿದ್ಧಾಂತವನ್ನೂ ಕಟ್ಟಿದ್ದಾರೆ. "ಮಿರಜಕ್ಕ ಹೋದಾಂವ ಹೊಟ್ಟಿ ಕೊಯ್ಸಿಕೊಂಡ ಬರಬೇಕ, ಇಲ್ಲಾ ಚೀಲ ತುಂಬ ಗುಳಿಗಿ ತರಬೇಕ. ಬರೇ ಕೈಲೆ ಬಂದಾ ಅಂದ್ರ ತಿಳ್ಕೋರಿ, ಡಾಕ್ಟರ ಕೈ ಬಿಟ್ಟಾರ." ಈ ಸಿದ್ಧಾಂತ ನಮ್ಮೂರಿನಲ್ಲಿ ತಮ್ಮ ಇಲಾಖೆಯ ಎಲ್ಲ ಸುತ್ತೋಲೆಗಳಿಗಿಂತ ಹೆಚ್ಚು ಚಲಾವಣೆಯಲ್ಲಿದೆ.

ಗುಲಾಬಿ ಗುಳಿಗೆಯೂ ಕೈಕೊಟ್ಟ ಮೇಲೆ ಕಾಕಾ ನನ್ನನ್ನು ಜೀಪಿನಲ್ಲಿ ಕೂರಿಸಿದರು. ನೆಂಟರು, ನೆರೆಯವರು, ಎಲ್ಲರೂ ಹತ್ತಿದರು. ರೋಗಿ ಹಿಂದಿನ ಸೀಟಿನಲ್ಲಿ ಯಾರದೋ ತೊಡೆಯ ಮೇಲೆ. ದವಾಖಾನೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಹೇಳಲು ನಾಚಿಕೆಯಾಗುವ ಕಡೆಯಿಂದ ನಳಿಕೆ ಹಾಕಿಯೂ ನೋಡಿದರು. ಎಲ್ಲ ಕಾಗದ ಬಂದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಕುರ್ಚಿ ತೋರಿಸಿದರು. ಆಮೇಲೆ ಕೇಳತೊಡಗಿದರು. ಎಷ್ಟು ದಿನದಿಂದ? ಸಂಡಾಸಕ್ಕೆ ಹೋದ ಮೇಲೆ ನೋವು ತಗ್ಗುತ್ತದೆಯೇ? ರಕ್ತ ಬಿದ್ದಿತ್ತೇ? ತೂಕ ಇಳಿದಿದೆಯೇ? ಜ್ವರ? ಮಲಗಿದವನನ್ನು ಎಬ್ಬಿಸುತ್ತದೆಯೇ? ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ? ಚಹಾ ಎಷ್ಟು ಕುಡಿಯುತ್ತೀರಿ? ಯಾವ ಚಿಂತೆ ಬಂದಾಗ ಹೆಚ್ಚು? ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿದರು. ಆಮೇಲೆ ನಕ್ಕು, "ಘಾಬರೂ ನಕಾ. ಆತಡಂ ಚಿಡಕಂ ಆಹೆ ತುಮಚಂ" ಎಂದರು. ಹೆದರಬೇಡಿ, ನಿಮ್ಮ ಕರುಳಿಗೆ ಸಿಡುಕು ಜಾಸ್ತಿ, ಅಷ್ಟೇ ಎಂದರ್ಥ.

ಅಲ್ಲಿ ಹುಣ್ಣಿಲ್ಲ, ಗಂಟಿಲ್ಲ. ಕರುಳಿನ ನಡೆ ಮಾತ್ರ ತಪ್ಪಿದೆ, ಸಣ್ಣದಕ್ಕೂ ಕೆರಳುತ್ತದೆ. ಇದರಿಂದ ಯಾರೂ ಸಾಯುವುದಿಲ್ಲ, ಆದರೆ ಒಂದೇ ದಿನಕ್ಕೆ ಹೋಗುವಂಥದೂ ಅಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಚಹಾ ಮತ್ತು ಖಾರ ಇಳಿಸು, ದಿನಾ ನಡೆ, ಇಸಬಗೋಲ ತಗೋ, ಕಡಿತ ಬಂದಾಗ ಮಾತ್ರ ಈ ಒಂದು ಗುಳಿಗೆ ನುಂಗು. ಇಷ್ಟೇ ಹೇಳಿದ್ದು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿದ್ದರು, ಮೊದಲ ಸಲ ನನ್ನ ನೋವಿಗೆ ಹೆಸರೊಂದು ಸಿಕ್ಕಿತ್ತು. ನನಗೆ ತಡೆಯಲಾಗದೆ ಅಳು ಬಂತು. ಸಮಾಧಾನದ ಅಳು ಅದು, ಸುಳ್ಳಲ್ಲ. ಗುಳಿಗೆಯ ಚೀಟಿ, ರಿಪೋರ್ಟು ಎಲ್ಲ ಮಡಚಿ ಜೇಬಿಗಿಟ್ಟು, ಕಣ್ಣೊರೆಸಿಕೊಳ್ಳುತ್ತ ಬರಿಗೈಲಿ ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಇಡೀ ಜೀಪು ಕೂತಿತ್ತು. ಭರಮು ಕಾಕಾ ನನ್ನ ಕಣ್ಣು ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಆತು ಬಿಡು. ನಡಿ ಮನಿಗಿ ಹೋಗೂನು" ಎಂದರು. "ಕಾಕಾ, ಏನೂ ಆಗಿಲ್ಲ ಅಂದಾರ" ಎಂದೆ. "ಹೂಂ, ಹಂಗs ಅಂತಾರ" ಎಂದರು. ಕಾಗವಾಡದಲ್ಲಿ ಜೀಪು ನಿಲ್ಲಿಸಿ, "ಬಾಬಾಸಾಹೇಬ, ಏನ ತಿನಬೇಕ ಅನಸತೈತಿ ಹೇಳಿಬಿಡು, ಮನಸಿನ್ಯಾಗ ಇಟ್ಕೋಬ್ಯಾಡ" ಎಂದು ಕೇಳಿದರು. ತಪಾಸಣೆಗೆಂದು ಹಿಂದಿನ ದಿನದಿಂದ ಉಪವಾಸವಿದ್ದವನು ನಾನು. ಡಾಕ್ಟರು ಖಾರ ಬೇಡವೆಂದು ಹೇಳಿದ್ದನ್ನು ಮರೆತು ಮಿರ್ಚಿ ಭಜಿ ಕೇಳಿದೆ. ನಾನು ತಿನ್ನುವುದನ್ನು ನೋಡಲಾರದೆ ಕಾಕಾ ಆ ಕಡೆ ತಿರುಗಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಪಾಪ, ಇವರಿಗೂ ಖಾರ ಹತ್ತಿತೇನೋ ಎಂದುಕೊಂಡೆ ನಾನು.

ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ನಮ್ಮಲ್ಲಿ ಜಡ್ಡಾದವರನ್ನು ನೋಡಲು ಬರುವುದೆಂದರೆ ತಪ್ಪಿಸುವಂಥದಲ್ಲ, ಬಂದವರಿಗೆ ಚಹಾ ಕೊಡುವುದೂ ತಪ್ಪಿಸುವಂಥದಲ್ಲ. ಜಡ್ಡಾದವನು ಅವರ ಜೊತೆ ಎರಡು ಗುಟುಕಾದರೂ ಕುಡಿಯದಿದ್ದರೆ, ಇವನಿಗೆ ಚಹಾ ಸಹ ಇಳಿಯುತ್ತಿಲ್ಲ ಎಂದು ಸುದ್ದಿ. ಹೀಗಾಗಿ ಚಹಾ ಬಿಡು ಎಂದು ಹೇಳಿಸಿಕೊಂಡು ಬಂದವನು ಹುಟ್ಟಿದಾಗಿನಿಂದ ಕುಡಿಯದಷ್ಟು ಚಹಾ ಆ ವಾರ ಕುಡಿದೆ. ಕುಡಿದಾಗೊಮ್ಮೆ ಓಡಿದೆ. ಓಡಿದಾಗೊಮ್ಮೆ ಪಡಸಾಲೆಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೆಲಸಂಗದಿಂದ ಬಂದ ನನ್ನ ಸೋದರತ್ತೆ ಅಕ್ಕುತಾಯಿ ಹೊಸ್ತಿಲು ದಾಟುವ ಮೊದಲೇ, "ನನಗಿಂತ ಮುಂದ ಹೊಂಟ್ಯಾ ನನ್ನ ರಾಜಾ" ಎಂದು ಹಾಡಿಕೊಂಡು ಅಳತೊಡಗಿದರು. ನಾನು ಎದುರಿಗೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. "ಅತ್ತಿ, ನಾ ಅರಾಮ ಅದೀನಿ" ಎಂದೆ. "ನಿಮ್ಮ ಮಾಮಾನೂ ಕಡೀಕ ಇದನ್ನs ಅಂದಿದ್ದ" ಎಂದು ಅಳುವಿನ ಶ್ರುತಿ ಇನ್ನೊಂದು ಮನೆ ಏರಿಸಿದರು.

ಮಿರಜದ ರಿಪೋರ್ಟುಗಳನ್ನು ಎಲ್ಲರ ಮುಂದೆ ಹರವಿದೆ. ಎಲ್ಲದರಲ್ಲೂ ನಾರ್ಮಲ್ ಎಂದು ಬರೆದಿದೆ, ಓದಲು ಬರುವವರು ಓದಿಯೂ ಓದಿದರು. ಕಾಕಾ ಅವನ್ನು ಬದಿಗೆ ಸರಿಸಿ, "ಎಲ್ಲಾ ನಾರ್ಮಲ್ ಇದ್ರ ಹೊಟ್ಟಿ ಯಾಕ ಕಡೀತೈತಿ? ಮಷೀನಿಗೂ ಸಿಗಲಾರದಂಥಾದ್ದ ಐತಿ ಅದು" ಎಂದರು. ಸಭೆ ತಲೆದೂಗಿತು. ಮಾನ್ಯರೇ, ಈ ವಾದಕ್ಕೆ ತಾವಾದರೂ ಉತ್ತರ ಹೇಳಬಲ್ಲಿರಾ? ನಾನು ಇದ್ದಷ್ಟು ದಿನ ಒಳ್ಳೆಯ ಮಾತನ್ನೇ ಆಡಬೇಕೆಂದು ನನ್ನ ಹೆಂಡತಿ ಅನುಸೂಯಾ ನನ್ನ ಜೊತೆ ಜಗಳವಾಡುವುದನ್ನೇ ಬಿಟ್ಟಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಅವತ್ತು. ಮದುವೆಯಾದಾಗಿನಿಂದ ಟವೆಲ್ಲನ್ನು ಹಾಸಿಗೆಯ ಮೇಲೆ ಒಗೆದದ್ದಕ್ಕೆ ಬೈಸಿಕೊಂಡವನು ನಾನು. ಈಗ ಬೇಕೆಂದೇ ಒದ್ದೆ ಟವೆಲ್ಲು ಒಗೆದರೂ ಸುಮ್ಮನೆ ಎತ್ತಿ ಹಗ್ಗಕ್ಕೆ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾಳೆ. "ಬೈಯಬೇ, ಒಮ್ಮಿ ಬೈಯ" ಎಂದು ಬೇಡಿಕೊಂಡೆ. "ಯಾವ ಬಾಯಿಲೆ ಬೈಲಿ?" ಎಂದು ಮತ್ತಷ್ಟು ಅತ್ತಳು.

ಹೀಗಿರುವಾಗ ಬೇಡಕಿಹಾಳದಿಂದ ನಮ್ಮ ಬೀಗರು ಸಂಭಾಜಿರಾವ ಬಂದರು. ಒಳ್ಳೆಯ ಮನುಷ್ಯರು, ಅದೇ ತೊಂದರೆ. "ಬೀಗರ, ನಮ್ಮ ಸುರಜ-ಕೋಮಲನ ಮದಿವಿ ನೀವು ಕಣ್ಣಾರೆ ನೋಡಬೇಕ್ರಿ. ನಾಳಿ ನಿಮ್ಮದ ಹೆಚ್ಚುಕಡಿಮಿ ಆತಂದ್ರ ವರ್ಷತನಕ ಮದಿವಿ ಮಾಡಾಕ ಬರಂಗಿಲ್ಲ, ಹುಡುಗೂರ ಬಾಳ್ವೆನೇ ನಿಂತ ಬಿಡತೈತಿ" ಎಂದರು. "ನನ್ನದೇನೂ ಹೆಚ್ಚುಕಡಿಮಿ ಆಗಂಗಿಲ್ರಿ, ನಾ ಸಾಯಂಗಿಲ್ಲ" ಎಂದೆ. "ಯಾರರೆ ತಮ್ಮ ಬಾಯಿಲೆ ತಾವು ಸಾಯತೇನಿ ಅಂತಾರ್ರಿ?" ಎಂದರು. ಮಗಳ ಪರೀಕ್ಷೆ ಇದೆ ಎಂದೆ. ನಾನು ಬೇಡ ಅಂದಷ್ಟೂ, ಹೋಗುವವನು ಹಟ ಮಾಡುತ್ತಾನೆ ಎಂದು ಎಲ್ಲರೂ ಇನ್ನಷ್ಟು ಪ್ರೀತಿಯಿಂದ ನನ್ನ ಮಾತನ್ನು ಬದಿಗಿಟ್ಟರು.

ಕೊನೆಗೆ ಭರಮು ಕಾಕಾ ಒಂದು ಉಪಾಯ ಹೇಳಿದರು. ನಾನು ಅರಾಮ ಇರುವುದು ಖರೆ ಇದ್ದರೆ ಹಿರಿಯರ ಮುಂದೆ ಕೂತು ಮೊದಲಿನಂತೆ ಒಂದು ಊಟ ಮಾಡಿ ತೋರಿಸಬೇಕು! ತಮ್ಮ ಇಲಾಖೆ ಎರಡು ವರ್ಷದಲ್ಲಿ ಮಾಡದ ತಪಾಸಣೆಯನ್ನು ನಮ್ಮ ಪಡಸಾಲೆ ಒಂದು ಮಧ್ಯಾಹ್ನದಲ್ಲಿ ಏರ್ಪಡಿಸಿತು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಹಸಿ ಉಳ್ಳಾಗಡ್ಡಿ, ಕರಿದ ಮೆಣಸಿನಕಾಯಿ, ಕೆಂಪು ಚಟ್ನಿ, ಎಲ್ಲ ತಾಟಿನಲ್ಲಿ ಬಂದವು. ಸುತ್ತಲೂ ಹಿರಿಯರು. ಸಂಭಾಜಿರಾವ ನನ್ನ ಬಾಯಿ ನೋಡುತ್ತಿದ್ದರು, ಕಾಕಾ ನನ್ನ ಹೊಟ್ಟೆ ನೋಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಕೋಮಲ ನಿಂತಿದ್ದಳು. ಅವಳ ಪರೀಕ್ಷೆ ನನ್ನ ಈ ಪರೀಕ್ಷೆಯ ಮೇಲೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನನಗಷ್ಟೇ ಆಗಿದ್ದರೆ ಸರಿಯಿತ್ತು, ಕರುಳಿಗೂ ಗೊತ್ತಾಯಿತು. ಮೊದಲ ರೊಟ್ಟಿ ಸುಖವಾಗಿ ಮುಗಿಯಿತು. ಎರಡನೆಯದನ್ನು ಮುರಿದದ್ದೇ ತಡ, ಹೊಟ್ಟೆಯಲ್ಲಿ ತಿರುಚಿದಂತಾಯಿತು. ತುಟಿ ಕಚ್ಚಿ ನಕ್ಕೆ. "ಭಾಳ ಛಲೋ ಆಗೈತಿ" ಎಂದೆ. ಬೆವರು ಇಳಿಯಿತು. ಇನ್ನೊಂದು ತುತ್ತು ಬಾಯಿಗಿಟ್ಟೆ. ಆಮೇಲೆ ಎಂಜಲ ಕೈಯಲ್ಲೇ ಹಿತ್ತಲಿಗೆ ಓಡಿದೆ. ತಿರುಗಿ ಬರುವುದರೊಳಗೆ ಭಾನುವಾರದ ಮುಹೂರ್ತ ನಿಶ್ಚಯವಾಗಿತ್ತು.

ಮರುದಿನವೇ ಕಾಕಾ ಫ್ಲೆಕ್ಸ್ ಮಾಡಿಸಲು ಹೋದರು. ಅಂಗಡಿಯವನು ಹುಡುಗಿಯ ತಂದೆಯ ಫೋಟೋ ಕೇಳಿದ. ಕಾಕಾ ನನ್ನ ಫೋಟೋ ಕೊಟ್ಟು, "ಈಗ ಮದಿವೀದ ಹಾಕ್ರಿ, ಇನ್ನೊಂದರ ಡಿಜೈನ್ ಮಾಡಿ ಇಟ್ಟಿರ್ರಿ, ಮತ್ತ ಬರೂದ ತಪ್ಪತೈತಿ" ಎಂದು ಹೇಳಿ ಬಂದಿದ್ದಾರೆ. ಅದರಲ್ಲಿ ಮೋಸವೇನೂ ಇಲ್ಲ, ತಾವೇ ಬಂದು ನನಗೆ ಹೇಳಿದರು. "ಫೋಟೋ ಎರಡಕ್ಕೂ ಒಪ್ಪತೈತಿ" ಎಂದೂ ಹೊಗಳಿದರು.

ಆದರೆ ಹೊರಡುವಾಗ ಸಂಭಾಜಿರಾವ ಒಂದು ಮಾತು ಹೇಳಿ ಹೋಗಿದ್ದಾರೆ. ಈ ಕಾಗದ ತಮಗೆ ಬರೆಯುತ್ತಿರುವುದೇ ಅದಕ್ಕಾಗಿ. "ಖಾಸಗಿ ಡಾಕ್ಟರ್ ಪೇಶಂಟನ ಸಮಾಧಾನಕ್ಕ ಏನರೆ ಹೇಳತಾರ್ರಿ. ಸರಕಾರದ ಡಾಕ್ಟರ್ ಬಂದು ನಾಕ ಮಂದಿ ಮುಂದ, ಇಂವಾ ಸಾಯಂಗಿಲ್ಲ ಅಂತ ಹೇಳ್ಲಿ. ಮದಿವಿ ನಾ ಮೇ ತಿಂಗಳಕ್ಕ ಇಡತೇನಿ, ಮಾತ ಮಾತs." ಸರ್ಕಾರಿ ವೈದ್ಯರ ಮಾತಿನ ಮೇಲೆ ಇಷ್ಟು ಭರವಸೆ ಇಟ್ಟಿರುವ ಮನುಷ್ಯ ಈ ಸೀಮೆಯಲ್ಲಿ ಅವರೊಬ್ಬರೇ ಇರಬಹುದು. ದಯವಿಟ್ಟು ಅವರನ್ನು ಕೆಡಿಸಬೇಡಿ.

ಆ ಮಾತು ಹಿಡಿದುಕೊಂಡು ಮತ್ತೆ ಕೇಂದ್ರಕ್ಕೆ ಹೋದೆ. ಮೊದಲಿನವರು ವರ್ಗವಾಗಿ ಹೋಗಿದ್ದರು. ಹೊಸಬರು ಅರ್ಧ ವಾರ ಇಲ್ಲಿ, ಅರ್ಧ ವಾರ ಇನ್ನೊಂದು ಕೇಂದ್ರದಲ್ಲಿ. ರಿಪೋರ್ಟು ತಿರುವಿ ಹಾಕಿ, "ಎಲ್ಲಾ ನಾರ್ಮಲ್ ಐತಲ್ರಿ, ಮತ್ಯಾಕ ಬಂದೀರಿ?" ಎಂದರು. "ಅದನ್ನs ನಮ್ಮ ಮನಿಗಿ ಬಂದ ಹೇಳ್ರಿ" ಎಂದೆ. "ಅದು ನಮ್ಮ ಕೆಲಸ ಅಲ್ರಿ" ಎಂದರು. ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರಿಗೆ ಎಲ್ಲ ಹೇಳಿದೆ. ಸಾವಿನ ದಾಖಲೆ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿತ್ತು, ಜಡ್ಡಿನ ರಜೆಗೆ ಸರ್ಟಿಫಿಕೇಟು ಸಿಗುತ್ತದೆ, ನೌಕರಿಗೆ ಗಟ್ಟಿಮುಟ್ಟಾಗಿದ್ದಾನೆ ಎಂದೂ ಸಿಗುತ್ತದೆ. ಸಾಯುವುದಿಲ್ಲ ಎಂಬುದಕ್ಕೆ ಮಾತ್ರ ನಮೂನೆ ಇಲ್ಲವಂತೆ. "ಸಾಯಂಗಿಲ್ಲ ಅಂತ ಯಾರ ಬರದಕೊಡತಾರ್ರಿ? ನಾವs ಇಲ್ಲಿ ಕಾಯಂ ಅಲ್ಲ" ಎಂದರು. ಅವರು ಗುತ್ತಿಗೆಯ ಮೇಲಿದ್ದಾರಂತೆ, ಅವರ ಕಷ್ಟವನ್ನು ನಾನೇ ಒಂದು ತಾಸು ಕೇಳಿ ಸಮಾಧಾನ ಹೇಳಿ ಬಂದೆ.

ಮಾನ್ಯರೇ, ಹಾಗಾದರೆ ಯಾವುದು ತಮ್ಮ ಕೆಲಸ? ಮಿರಜದ ಡಾಕ್ಟರು ನನಗೆ ಕೇಳಿದ ಪ್ರಶ್ನೆಗಳಲ್ಲಿ ಮಿರಜದಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆ ಯಾವುದಿತ್ತು? ರಕ್ತ ಬೀಳುತ್ತದೆಯೇ, ತೂಕ ಇಳಿದಿದೆಯೇ ಎಂದು ಕೇಳಲು ಯಾವ ಮಷೀನು ಬೇಕು? ಹೊಟ್ಟೆ ಒತ್ತಿ ನೋಡಲು ಕೈ ಸಾಲದೇ? ರಕ್ತ ಬಿದ್ದರೆ, ಮನುಷ್ಯ ಸೊರಗಿದರೆ, ವಯಸ್ಸಾದವನಿಗೆ ಹೊಸದಾಗಿ ಶುರುವಾದರೆ ಮುಂದಕ್ಕೆ ಕಳಿಸಿ, ಯಾರು ಬೇಡವೆಂದರು? ಕಳಿಸಲೇಬೇಕು. ಅದೊಂದೂ ಇಲ್ಲದಿದ್ದರೆ ಒಂದೆರಡು ಸಾದಾ ರಕ್ತಪರೀಕ್ಷೆ ಮಾಡಿ, ಎದುರಿಗೆ ಕೂರಿಸಿ, ಇದಕ್ಕೆ ಇಂಥ ಹೆಸರು, ಹೀಗೆ ಬಂದು ಹೀಗೆ ಹೋಗುತ್ತದೆ, ಹದಿನೈದು ದಿನ ಬಿಟ್ಟು ಮತ್ತೆ ಬಾ ಎಂದು ಹೇಳಿದರೆ ಆಯಿತು. ಗುಳಿಗೆಗಿಂತ ಮೊದಲು ಬೇಕಾದದ್ದು ಈ ಮಾತು. ಗ್ಯಾಸ್ ಎಂದು ಹೇಳಿ ಕಳಿಸುವುದು ಮಾತಲ್ಲ, ಬಾಗಿಲು ತೋರಿಸುವುದು. ಹೇಳುವವರು ಹೇಳದೆ ಬಿಟ್ಟ ಜಾಗದಲ್ಲಿ ಭರಮು ಕಾಕಾ ತಮಗೆ ತಿಳಿದದ್ದನ್ನು ಹೇಳುತ್ತಾರೆ. ತಪ್ಪು ಅವರದಲ್ಲ. ಅವರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡಾದರೂ ಹೋದರು.

ಈಗ ಕೋಮಲಳ ಮಾತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೋತು ನಿಂತುಕೊಂಡೇ ಗಣಿತ ಓದಿದ ಹುಡುಗಿ ಅವಳು. ಮುಂದೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕಲಿಸಬೇಕೆಂದು ಅವಳ ಆಸೆ. ಸುರಜನಿಗೂ ಅದು ಸಮ್ಮತ, ಆದರೆ ತಂದೆಯ ಎದುರು ನಿಂತು ಹೇಳುವ ಧೈರ್ಯ ಅವನಿಗಿಲ್ಲ. ಪೇಪರು ತಪ್ಪಿದರೆ ಮತ್ತೆ ಬರೆದರಾಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಮದುವೆಯಾದ ಮೇಲೆ ಮತ್ತೆ ಬರೆದವರು ಎಷ್ಟು ಮಂದಿ ಎಂದು ನನ್ನ ಓಣಿಯಲ್ಲೇ ನೋಡಿದ್ದೇನೆ. ನಿನ್ನೆ ಅವಳನ್ನು ಹತ್ತಿರ ಕೂರಿಸಿಕೊಂಡು, "ನಾ ಸಾಯಂಗಿಲ್ಲವಾ, ನೀ ಒಲ್ಲೆ ಅಂದುಬಿಡು, ಉಳಿದದ್ದ ನಾ ನೋಡ್ಕೋತೇನಿ" ಎಂದೆ. ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟಳು. ಆಮೇಲೆ, "ಅಪ್ಪಾ, ನಿನ್ನ ಮಾತ ನಾ ನಂಬತೇನಿ. ಆದ್ರ ನೂರಕ್ಕ ಒಂದ ಪಾಲ ನೀ ತಪ್ಪಿದ್ರ? ಅಪ್ಪ ಸಾಯಾಕತ್ತಿದ್ದಾ, ಮಗಳ ಪೇಪರ್ ಬರೀಲಾಕ ಹೋದ್ಲು ಅಂತ ಆಗತೈತಿ. ಮಂದಿ ಅನ್ನೂದ ಬಿಡು, ನನಗs ನಾ ಏನ ಹೇಳ್ಕೊಳ್ಲಿ?" ಎಂದಳು.

ನೂರಕ್ಕೆ ಒಂದು ಪಾಲು! ಗಣಿತದ ಹುಡುಗಿ, ಲೆಕ್ಕ ಹಾಕಿಯೇ ಹೇಳಿದ್ದಾಳೆ. ಆ ಒಂದು ಪಾಲನ್ನು ತೆಗೆಯುವುದು ನನ್ನಿಂದ ಆಗುವುದಿಲ್ಲ. ಅವಳ ತಾಯಿಯಿಂದ ಆಗುವುದಿಲ್ಲ, ಬೀಗರಿಂದ ಆಗುವುದಿಲ್ಲ. ಅದು ತಮ್ಮಿಂದ ಆಗುವ ಕೆಲಸ. ಎರಡು ವರ್ಷದ ಹಿಂದೆ ಸ್ಟೂಲಿನ ಮೇಲೆ ಕೂತಾಗಲೇ ಆಗಬೇಕಿದ್ದ ಕೆಲಸ. ನನಗೆ ಸಿಟ್ಟು ಬರುವುದು ಹೊಟ್ಟೆ ನೋವಿಗಲ್ಲ ಮಾನ್ಯರೇ, ಇದಕ್ಕೆ. ನೋವು ನನ್ನದು, ತಿಂದು ತೀರಿಸುತ್ತೇನೆ. ಅವಳು ಯಾಕೆ ತೀರಿಸಬೇಕು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶನಿವಾರದೊಳಗೆ ತಾವಾಗಲಿ, ತಮ್ಮ ವೈದ್ಯರಲ್ಲಿ ಒಬ್ಬರಾಗಲಿ ನಮ್ಮ ಮನೆಗೆ ಬರಬೇಕು. ಔಷಧ ತರುವುದು ಬೇಡ, ಜೀಪು ಬೇಕಾದರೆ ಭರಮು ಕಾಕಾ ಕಳಿಸುತ್ತಾರೆ. ಪಡಸಾಲೆಯಲ್ಲಿ ಕೂತು, ನನ್ನ ಹೊಟ್ಟೆಯನ್ನು ಎಲ್ಲರ ಮುಂದೆ ಒಮ್ಮೆ ಒತ್ತಿ ನೋಡಿ, ಇವನ ಕರುಳಿಗೆ ಸಿಡುಕಿದೆ, ಆದರೆ ಇದರಿಂದ ಇವನು ಸಾಯುವುದಿಲ್ಲ ಎಂದು ಗಟ್ಟಿಯಾಗಿ ಹೇಳಬೇಕು. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಕಾಕಾ ಅಡ್ಡಪ್ರಶ್ನೆ ಕೇಳುತ್ತಾರೆ, ಬೇಸರಿಸದೆ ಉತ್ತರಿಸಬೇಕು. ಆಮೇಲೆ ನನ್ನಂತೆ ಗುಳಿಗೆಯ ಬಣ್ಣ ಬದಲಿಸುತ್ತ ತಿರುಗುತ್ತಿರುವ ಉಳಿದವರ ಮಾತನ್ನೂ ತಮ್ಮ ಕೇಂದ್ರಗಳಲ್ಲಿ ಹೀಗೆಯೇ ಕೂರಿಸಿಕೊಂಡು ಕೇಳುವ ಏರ್ಪಾಡು ಮಾಡಬೇಕು.

ತಾವು ಬರದಿದ್ದರೆ ಮದುವೆ ಭಾನುವಾರ ಆಗಿಯೇ ಆಗುತ್ತದೆ, ಅದನ್ನು ತಡೆಯುವಷ್ಟು ಬಾಯಿ ಈಗ ನನಗಿಲ್ಲ. ಆದರೆ ಪೇಪರು ತಪ್ಪಲು ಬಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಬೇಡಕಿಹಾಳಕ್ಕೆ ಹೋಗಿ, ಗೋಂಧಳದ ನಡುವಿನಿಂದ ನನ್ನ ಮಗಳನ್ನು ಅರಿಷಿಣದ ಸೀರೆಯಲ್ಲೇ ಎಬ್ಬಿಸಿ, ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚಿಕ್ಕೋಡಿಗೆ ಬರುತ್ತೇನೆ. ಸಾಯುವವನು ಬೀಗರ ಸೊಸೆಯನ್ನು ಹೊತ್ತುಕೊಂಡು ಹೋದ ಎಂದು ಸೀಮೆಯೆಲ್ಲ ನಗಲಿ. ಬೀಗರು ಮುನಿದರೆ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ. ಅವಳು ಬರೆದು ಮುಗಿಸಿ ಹೊರಗೆ ಬರುವ ತನಕ ಕಾಲೇಜಿನಲ್ಲೇ ಕಾಯುತ್ತೇನೆ. ಅಲ್ಲಿ ಸಂಡಾಸ ಎಲ್ಲಿದೆ ಎಂದು ಈಗಾಗಲೇ ಹೋಗಿ ನೋಡಿಕೊಂಡು ಬಂದಿದ್ದೇನೆ.

ಇಂತಿ,
ಭಾನುವಾರದ ತನಕ ಬದುಕಲು ಊರಿನ ಅಪ್ಪಣೆ ಪಡೆದಿರುವ,
ಬಾಬಾಸಾಹೇಬ
(ರೋಗಿ ಹೌದು, ದಿವಂಗತ ಅಲ್ಲ)